ಮುಲ್ಲೈಪೆರಿಯಾರ್ ಅಣೆಕಟ್ಟಿನ ತೂಕ

ತೇನಿಗೆ ಸಮೀಪದ ವೀರಪಾಂಡಿಯಲ್ಲಿ ಶ್ರೀ ಗೌಮಾರಿಯಮ್ಮನವರ ಚಿತ್ತಿರೈ ಜಾತ್ರೆ ನಡೆಯುವಾಗ ಹರಕೆ ಹೊತ್ತ ಭಕ್ತಾದಿಗಳು ಮೊದಲು ಮುಲ್ಲೈ ನದಿಯಲ್ಲಿ ಮಿಂದು, ಆಮೇಲೆ ಬೆಂಕಿಯ ಚಟ್ಟಿ ಹಿಡಿದು ಅಮ್ಮನ ಸನ್ನಿಧಿಗೆ ಬರುತ್ತಾರೆ. ಬಿರು ಬೇಸಿಗೆಯಲ್ಲಿ ಆ ನದಿಯಲ್ಲಿ ಹರಿಯುವ ನೀರು ಬಹುಮಟ್ಟಿಗೆ ಈ ಕಡೆಯ ಮಳೆಯದಲ್ಲ. ಸಹ್ಯಾದ್ರಿಯ ಆಚೆಯ ಮಗ್ಗುಲಲ್ಲಿ ಹರಿದು ಪಡುವಣ ಕಡಲನ್ನು ಸೇರಬೇಕಾಗಿದ್ದ ಪೆರಿಯಾರ್ ನದಿಯ ನೀರು ಅದು. ಬೆಟ್ಟದ ಮೇಲೆ ಒಂದು ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿದೆ. ಬಂಡೆಯನ್ನು ಕೊರೆದು ಮಾಡಿದ ಸುರಂಗವೊಂದು ಅದನ್ನು ಮೂಡಣಕ್ಕೆ ತಿರುಗಿಸಿ ಕಂಬಂ ಕಣಿವೆಗೆ ಇಳಿಸುತ್ತದೆ. ಆ ಅಣೆಕಟ್ಟು ತನ್ನ ತೂಕವೊಂದರ ಬಲದಿಂದಲೇ ನೀರನ್ನು ತಡೆಯಬೇಕೆಂದು ಕಟ್ಟಲ್ಪಟ್ಟದ್ದು. ಆ ತೂಕವನ್ನು ಯಾವ ತಕ್ಕಡಿಯಲ್ಲೂ ತೂಗಿದವರಿಲ್ಲ. ಅದನ್ನು ಲೆಕ್ಕ ಹಾಕಿ ತಿಳಿದದ್ದು ಹೇಗೆ, ಆ ಲೆಕ್ಕದ ಮೇಲೆ ಒಂದು ಶತಮಾನದ ತರುವಾಯ ಎರಡು ರಾಜ್ಯಗಳ ನಡುವೆ ವಾದ ಎದ್ದದ್ದು ಹೇಗೆ ಎಂಬುದು ಈ ಸೀಮೆಯ ಇತಿಹಾಸದ ಒಂದು ಮುಖ್ಯ ಅಧ್ಯಾಯ.

ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರು, ಬೋಡಿ ಭಾಗಗಳಲ್ಲಿ ಮನೆಯೊಳಗೆ ಇಂದಿಗೂ ಕನ್ನಡ ಮಾತನಾಡುವ ಒಕ್ಕಲು ಕುಟುಂಬಗಳಿವೆ. ಕಪ್ಪಿಲಿಯರೆಂದು ಕರೆಯಲ್ಪಡುವ ಈ ಜನ ಮಧುರೆ, ತಿರುನಲ್ವೇಲಿ ಜಿಲ್ಲೆಗಳಲ್ಲಿ ನೆಲೆಸಿದ ಕನ್ನಡಿಗ ಬೇಸಾಯಗಾರರೆಂದು 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಗ್ರಂಥದಲ್ಲಿಯೇ ದಾಖಲಾಗಿದೆ. ಕಂಬಂ ಊರಿನ ನಂದಗೋಪಾಲನ ಸನ್ನಿಧಿಯೂ ಅಲ್ಲಿ ದೇವರ ಹೆಸರಿನಲ್ಲಿ ಸಾಕುವ ತಂಬಿರಾನ್ ಹಸುಗಳೂ ಇವರ ಭಕ್ತಿಯ ಕೇಂದ್ರ. ಆಡಳಿತದ ನಂಟೂ ಇಲ್ಲದಿಲ್ಲ. 1755ರಲ್ಲಿ ಮೈಸೂರಿನವರು ಹೈದರ್ ಅಲಿಯನ್ನು ದಿಂಡಿಗಲ್ಲಿಗೆ ಫೌಜುದಾರನಾಗಿ ಕಳುಹಿಸಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಸೀಮೆ ಇಂಗ್ಲಿಷರ ಪಾಲಾಯಿತು. ಆದರೆ ದೊರೆಗಳು ಯಾರೇ ಆಗಿರಲಿ, ಹೊಲಕ್ಕೆ ಬೇಕಾದ್ದು ನೀರು. ಘಟ್ಟದ ಮಳೆಯ ನೆರಳಿನಲ್ಲಿ ಸಿಕ್ಕಿದ ಮಧುರೆ ಸೀಮೆಗೆ ಅದೇ ಕಡಿಮೆ.

ಪೆರಿಯಾರನ್ನು ತಿರುಗಿಸುವ ಯೋಚನೆ ಇಂಗ್ಲಿಷರದಲ್ಲ. 1789ರಲ್ಲಿಯೇ ರಾಮನಾಥಪುರದ ಸೇತುಪತಿ ಅರಸರ ಪ್ರಧಾನಿ ಮುತ್ತು ಇರುಳಪ್ಪ ಪಿಳ್ಳೆಯವರು ಅದಕ್ಕಾಗಿ ಜನರನ್ನು ಬೆಟ್ಟಕ್ಕೆ ಕಳುಹಿಸಿ ನೋಡಿಸಿದ್ದರು. ಹಣ ಸಾಲದೆ ಕೈಬಿಟ್ಟರು. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಪರೀಕ್ಷಿಸಿ ಇದು ಆಗದ ಕೆಲಸವೆಂದು ವರದಿ ಬರೆದ. 1850ರಲ್ಲಿ ಒಂದು ಚಿಕ್ಕ ಪ್ರಯತ್ನ ಆರಂಭವಾಗಿ ಜ್ವರದ ಹಾವಳಿಯಿಂದ ನಿಂತುಹೋಯಿತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ದಕ್ಷಿಣ ದೇಶದಲ್ಲಿ ಲಕ್ಷಾಂತರ ಜನ ಮಡಿದ ಮೇಲೆ ಮದ್ರಾಸ್ ಸರ್ಕಾರಕ್ಕೆ ಈ ಯೋಜನೆ ಮತ್ತೆ ನೆನಪಾಯಿತು. 1882ರಲ್ಲಿ ಜಾನ್ ಪೆನ್ನಿಕ್ವಿಕ್ ಎಂಬ ಸೇನಾ ಇಂಜಿನಿಯರರಿಗೆ ಹೊಸದಾಗಿ ನಕ್ಷೆ, ಅಂದಾಜು ತಯಾರಿಸಲು ಹೇಳಲಾಯಿತು. ಸ್ಥಳ ತಿರುವಾಂಕೂರು ಸಂಸ್ಥಾನದ್ದು. 1886ರ ಅಕ್ಟೋಬರ್ 29ರಂದು 8,000 ಎಕರೆಗೆ ಎಕರೆಯೊಂದಕ್ಕೆ ವರ್ಷಕ್ಕೆ 5 ರೂಪಾಯಿಯಂತೆ 999 ವರ್ಷಗಳ ಗುತ್ತಿಗೆ ಪತ್ರವಾಯಿತು. 1887ರಲ್ಲಿ ಕೆಲಸ ಹಿಡಿದು 1895ರಲ್ಲಿ ಮುಗಿಸಿದರು.

ಆ ಎಂಟು ವರ್ಷಗಳ ಕಷ್ಟ ಸಾಮಾನ್ಯವಾದುದಲ್ಲ. ದಾರಿಯಿಲ್ಲದ ಕಾಡು, ಆನೆಗಳು, ಮಳೆಗಾಲದ ಪ್ರವಾಹ, ಎಲ್ಲಕ್ಕಿಂತ ಮಿಗಿಲಾಗಿ ಮಲೇರಿಯಾ. ಮದ್ರಾಸ್ ಪಯೋನಿಯರ್ಸ್ ಪಡೆಯ ಸಿಪಾಯಿಗಳು, ಕೊಚ್ಚಿಯಿಂದ ಬಂದ ಬಡಗಿಗಳು, ಬಯಲು ಸೀಮೆಯಿಂದ ಬಂದ ಕೂಲಿಯವರು ಅಲ್ಲಿ ದುಡಿದರು. ರೋಗದಿಂದ ಸತ್ತ 483 ಮಂದಿಯ ಮಣ್ಣು ಅಣೆಕಟ್ಟಿನ ಉತ್ತರಕ್ಕಿರುವ ಸ್ಮಶಾನದಲ್ಲಿದೆ. ಪೆನ್ನಿಕ್ವಿಕ್ ಅವರು ತಮ್ಮ ಆಸ್ತಿಯನ್ನೇ ಮಾರಿ ಅಣೆಕಟ್ಟು ಕಟ್ಟಿಸಿದರೆಂಬ ಕಥೆ ಕಣಿವೆಯಲ್ಲಿ ಮನೆಮಾತಾಗಿದೆ. ಸರ್ಕಾರಿ ದಾಖಲೆಗಳ ಪ್ರಕಾರ ವೆಚ್ಚವನ್ನು ಹೊತ್ತದ್ದು ಮದ್ರಾಸ್ ಸರ್ಕಾರ. ಆದರೂ ಜನವರಿ 15ರಂದು, ಅವರ ಹುಟ್ಟುಹಬ್ಬದ ದಿನ, ರೈತರು ಲೋಯರ್ ಕ್ಯಾಂಪಿನಲ್ಲಿ ಪೊಂಗಲ್ ಇಡುವುದಕ್ಕೆ ಆ ಕಥೆಯ ಆಸರೆ ಬೇಕಾಗಿಲ್ಲ. ಕಂಬಂ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗಳೇ ಸಾಕು. 2013ರಲ್ಲಿ ಅಲ್ಲಿ ಅವರ ಸ್ಮಾರಕ ಮಂದಿರವೂ ಆಯಿತು.

ಇನ್ನು ತೂಕದ ವಿಷಯ. ದೇವಸ್ಥಾನಗಳಲ್ಲಿ ತುಲಾಭಾರ ಸೇವೆ ನೋಡದವರಿಲ್ಲ. ಒಂದು ತಟ್ಟೆಯಲ್ಲಿ ಹರಕೆಯವರು, ಇನ್ನೊಂದರಲ್ಲಿ ಬೆಲ್ಲವೋ ಅಕ್ಕಿಯೋ ಬಾಳೆಹಣ್ಣೋ. ತಕ್ಕಡಿಗೆ ಏರಿಸಬಹುದಾದ ವಸ್ತುವಿಗೆ ಈ ಕ್ರಮ ಸರಿ. ಏರಿಸಲಾಗದ ವಸ್ತುವಿಗೆ ಏನು ಮಾಡಬೇಕು? ಉತ್ತರ ಒಕ್ಕಲು ಮನೆಯ ಕಣಜದಲ್ಲಿಯೇ ಇದೆ. ಒಂದೇ ಕೊಳಗದಲ್ಲಿ ಭತ್ತ ಅಳೆದರೆ ಒಂದು ತೂಕ, ರಾಗಿ ಅಳೆದರೆ ಅದಕ್ಕಿಂತ ಹೆಚ್ಚು, ತೌಡು ಅಳೆದರೆ ತೀರ ಕಡಿಮೆ. ಒಂದು ಕೊಳಗದ ತೂಕ ಗೊತ್ತಿದ್ದವರಿಗೆ ಕಣಜದಲ್ಲಿ ಎಷ್ಟು ಕೊಳಗ ಹಿಡಿಯುತ್ತದೆಂದು ತಿಳಿದರೆ ಸಾಕು, ಇಡೀ ಕಣಜದ ತೂಕ ತಕ್ಕಡಿ ಮುಟ್ಟದೆ ಸಿಕ್ಕುತ್ತದೆ. ಕೊಳಗದ ಸ್ಥಾನದಲ್ಲಿ ಘನ ಅಡಿ ಅಥವಾ ಘನ ಮೀಟರನ್ನು ಇಟ್ಟರೆ, ಆ ಒಂದು ಘನ ಅಳತೆಯ ತೂಕಕ್ಕೆ ಸಾಂದ್ರತೆ ಎಂದು ಹೆಸರು. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ಅಣೆಕಟ್ಟು ಕಟ್ಟುವವರ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ.

ಗಾತ್ರವನ್ನು ಲೆಕ್ಕ ಹಾಕುವ ವಿದ್ಯೆ ಕನ್ನಡ ನಾಡಿಗೆ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಖಾತವ್ಯವಹಾರ ಎಂಬ ಭಾಗವೇ ಇದೆ. ತೋಡಿದ ಹಳ್ಳದ ಗಾತ್ರ, ಪೇರಿಸಿದ ಇಟ್ಟಿಗೆಗಳ ಗಾತ್ರ ಇವುಗಳ ವಿಚಾರ ಅಲ್ಲಿ ಬರುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದ. ಕೆರೆ ಕಟ್ಟೆಗಳ ನಾಡಿನಲ್ಲಿ ಇಂಥ ಗಣಿತ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಪೆರಿಯಾರ್ ಅಣೆಕಟ್ಟಿನ ಮೈ ಸುಣ್ಣ, ಸುರ್ಕಿ, ಮರಳು ಮತ್ತು ಕಲ್ಲುಜಲ್ಲಿಯದು. ಮುಖಕ್ಕೆ ಕಾಡುಗಲ್ಲಿನ ಕಟ್ಟಡ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಣ್ಣದೊಂದಿಗೆ ಸುರ್ಕಿ ಸೇರಿದರೆ ಗಾರೆ ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ಅಂದು ಸಿಮೆಂಟು ಕಡಲಾಚೆಯಿಂದ ಬರಬೇಕಾದ ದುಬಾರಿ ಸರಕು. ಆಮೇಲೆ 1898ರಲ್ಲಿ ಆರಂಭವಾದ ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕೂ, 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರಕ್ಕೂ ಸುರ್ಕಿ ಗಾರೆಯನ್ನೇ ಬಳಸಿದರೆಂಬುದನ್ನು ಕನ್ನಡಿಗರು ನೆನೆಯಬಹುದು.

ಈ ಸಾಮಾನುಗಳನ್ನು ಬಯಲಿನಿಂದ ಹಗ್ಗದ ದಾರಿ, ಎತ್ತಿನ ಗಾಡಿ, ದೋಣಿಗಳಲ್ಲಿ ಸಾಗಿಸಬೇಕಾಗಿತ್ತು. ಸಾಗಣೆಯಲ್ಲಿ ಸಾಂದ್ರತೆಯ ವ್ಯತ್ಯಾಸ ಬಹು ಬೇಗ ಅರಿವಿಗೆ ಬರುತ್ತದೆ. ಅರಳಿಸಿದ ಸುಣ್ಣದ ಪುಡಿ ಘನ ಮೀಟರಿಗೆ ಅರ್ಧ ಟನ್ನಿಗೆ ತುಸು ಮೇಲೆ, ಇಟ್ಟಿಗೆ ಪುಡಿ ಒಂದು ಟನ್ನಿನ ಆಸುಪಾಸು, ಒಣ ಮರಳು ಸುಮಾರು 1.6 ಟನ್, ಇಡಿಗಲ್ಲು 2.65 ಟನ್. ಸುಣ್ಣದ ಗಾಡಿ ಅಂಚಿನವರೆಗೆ ತುಂಬಿದರೂ ಎತ್ತುಗಳಿಗೆ ಆಯಾಸವಿಲ್ಲ. ಕಲ್ಲಿನ ಗಾಡಿ ಅರ್ಧ ತುಂಬುವ ಮೊದಲೇ ನೊಗ ಬಾಗುತ್ತದೆ. ಗಾಡಿಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಒಬ್ಬನಿಗೆ ನಷ್ಟ, ತೂಕದ ಲೆಕ್ಕದಲ್ಲಿ ಕೊಟ್ಟರೆ ಇನ್ನೊಬ್ಬನಿಗೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಜಲ್ಲಿಯದು. ಇಡಿಯಾದ ಬಂಡೆ ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಅದೇ ಬಂಡೆಯನ್ನು ಒಡೆದು ಜಲ್ಲಿ ಮಾಡಿ ಒಂದು ಘನ ಅಡಿಯ ಪೆಟ್ಟಿಗೆಯಲ್ಲಿ ತುಂಬಿದರೆ 42 ಕಿಲೋ ಚಿಲ್ಲರೆ ಮಾತ್ರ. ಕಲ್ಲು ಹಗುರವಾಗಲಿಲ್ಲ, ಸಂದುಗಳಲ್ಲಿ ಗಾಳಿ ಕುಳಿತಿತು. ಆ ಪೆಟ್ಟಿಗೆಗೆ ಕಂಠಮಟ್ಟ ನೀರು ಹೊಯ್ದರೆ ಸುಮಾರು 12 ಲೀಟರ್ ಹಿಡಿಯುತ್ತದೆ. ಘನ ಅಡಿಗೆ 28.3 ಲೀಟರ್ ಆದ್ದರಿಂದ ನೂರಕ್ಕೆ 43 ಪಾಲು ಬರಿ ಸಂದು ಎಂದಾಯಿತು. ಅಷ್ಟು ಸಂದನ್ನು ತುಂಬುವಷ್ಟು ಗಾರೆ ಹಾಕಿದರೆ ಕಟ್ಟಡ ಭಾರವೂ ಆಗುತ್ತದೆ, ನೀರೂ ಸೋರದು. ಗಾರೆ ಕಡಿಮೆಯಾದರೆ ಒಳಗೆ ಪೊಳ್ಳು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಗಾತ್ರ! ಗಾರೆಯನ್ನು ಗಾಣದಲ್ಲಿ ಚೆನ್ನಾಗಿ ಅರೆದು, ಪದರ ಪದರವಾಗಿ ದಮ್ಮಸು ಹಾಕಿ ಕೂರಿಸುತ್ತಿದ್ದ ಹಿಂದಿನ ಕೆಲಸಗಾರರ ತಾಳ್ಮೆಯ ಅರ್ಥ ಇದೇ. ಅವರು ಕೂರಿಸುತ್ತಿದ್ದದ್ದು ತೂಕವನ್ನು.

ದೇವಸ್ಥಾನದ ಜೀರ್ಣೋದ್ಧಾರದ ಕೆಲಸ ಹಿಡಿದವರಿಗೂ ಈ ಲೆಕ್ಕ ನಿತ್ಯದ್ದು. ಒಂದು ಅಡಿ ಚೌಕದ, ಹತ್ತು ಅಡಿ ಉದ್ದದ ಕಲ್ಲುಕಂಬವೆಂದರೆ 10 ಘನ ಅಡಿ; ತೂಕ ಸುಮಾರು 750 ಕಿಲೋ. ಅದೇ ಉದ್ದದ ಕಂಬವನ್ನು ಎರಡು ಅಡಿ ಚೌಕ ಮಾಡಿಸಿದರೆ ತೂಕ ಇಮ್ಮಡಿಯಲ್ಲ, ನಾಲ್ಕು ಪಟ್ಟು: ಮೂರು ಟನ್. ಇದನ್ನು ಮರೆತು ಲಾರಿ ಕರೆಸಿದರೆ ದಾರಿಯಲ್ಲಿ ಪಾಟಾ ಮುರಿಯುವುದು ನಿಶ್ಚಯ.

ಈಗ ಅಣೆಕಟ್ಟಿಗೆ ಬರಬಹುದು. ತಳಪಾಯದಿಂದ ಅದರ ಅತ್ಯಧಿಕ ಎತ್ತರ 53.6 ಮೀಟರ್, ಉದ್ದ ಸುಮಾರು 366 ಮೀಟರ್. ನೆತ್ತಿಯಲ್ಲಿ ಅಗಲ 3.6 ಮೀಟರ್, ಬುಡದಲ್ಲಿ 42.2 ಮೀಟರ್. ನಡುಭಾಗದಲ್ಲಿ ಒಂದು ಮೀಟರ್ ಉದ್ದದ ತುಂಡನ್ನು ಬ್ರೆಡ್ಡಿನ ಚೂರಿನಂತೆ ಕತ್ತರಿಸಿ ತೆಗೆದರೆಂದು ಭಾವಿಸಬೇಕು. ನೆತ್ತಿ ಮತ್ತು ಬುಡದ ಅಗಲಗಳ ಸರಾಸರಿ 22.9 ಮೀಟರ್, ಅದನ್ನು 53.6ರಿಂದ ಗುಣಿಸಿದರೆ ಸುಮಾರು 1,227 ಘನ ಮೀಟರ್. ಸುರ್ಕಿ ಗಾರೆಯ ಕಟ್ಟಡಕ್ಕೆ ಘನ ಮೀಟರಿಗೆ 2.2 ಟನ್ ಎಂದಿಟ್ಟುಕೊಂಡರೆ ಆ ಒಂದು ತುಂಡಿನ ತೂಕ ಸುಮಾರು 2,700 ಟನ್. ಇದು ಒರಟು ಲೆಕ್ಕ. ಅಣೆಕಟ್ಟಿನ ಮೇಲ್ಭಾಗ ನೆಟ್ಟಗೆ ನಿಂತು ಕೆಳಗೆ ಹೋದಂತೆ ಅಗಲವಾಗುವುದರಿಂದ ನಿಜವಾದ ಗಾತ್ರ ಇದಕ್ಕಿಂತ ಕಡಿಮೆ. ಇಡೀ ಅಣೆಕಟ್ಟಿನ ತೂಕಕ್ಕಾಗಿ ಇದನ್ನು 366ರಿಂದ ಗುಣಿಸುವುದೂ ತಪ್ಪು. ಕಣಿವೆಯ ಎರಡು ದಂಡೆಗಳ ಕಡೆಗೆ ಹೋದಂತೆ ಎತ್ತರ ಇಳಿಯುತ್ತದೆ, ತುಂಡು ಚಿಕ್ಕದಾಗುತ್ತದೆ.

ಎದುರಾಳಿ ನೀರು. ನೀರಿನ ಸಾಂದ್ರತೆ ಘನ ಮೀಟರಿಗೆ ಒಂದು ಟನ್. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಒಟ್ಟು ನೂಕುವಿಕೆ ಆಳದ ವರ್ಗದ ಅರ್ಧ. ಮೂಲ ನಕ್ಷೆಯಂತೆ 152 ಅಡಿ, ಅಂದರೆ 46.3 ಮೀಟರ್ ನೀರು ನಿಂತರೆ ಮೀಟರ್ ಉದ್ದಕ್ಕೆ ಸುಮಾರು 1,070 ಟನ್ ನೂಕು. 142 ಅಡಿಗೆ ಸುಮಾರು 937. 136 ಅಡಿಗೆ ಸುಮಾರು 860. ಹದಿನಾರು ಅಡಿ ಇಳಿಸುವುದೆಂದರೆ ಆಳದಲ್ಲಿ ನೂರಕ್ಕೆ ಹತ್ತೂವರೆ ಕಡಿಮೆ. ಆದರೆ ನೂಕು ನೂರಕ್ಕೆ 20ರಷ್ಟು ಇಳಿಯುತ್ತದೆ, ಅಣೆಕಟ್ಟನ್ನು ಮಗುಚಿಹಾಕುವ ಬಲ ನೂರಕ್ಕೆ 28ರಷ್ಟು. ಕೆಲವೇ ಅಡಿಗಳಿಗಾಗಿ ಅಷ್ಟೇಕೆ ಜಗಳ ಎಂದು ಕೇಳುವವರಿಗೆ ಈ ಅಂಕಿಗಳು ಉತ್ತರ ಹೇಳುತ್ತವೆ. ಗದ್ದೆಯವರಿಗೆ ಆ ಅಡಿಗಳು ಎರಡನೆಯ ಬೆಳೆ. ಅಣೆಕಟ್ಟಿನ ಕೆಳಗೆ ಪೆರಿಯಾರಿನ ದಂಡೆಯಲ್ಲಿ ಮನೆ ಮಾಡಿಕೊಂಡವರಿಗೆ ರಾತ್ರಿಯ ನಿದ್ದೆ.

ಪೆನ್ನಿಕ್ವಿಕ್ ಕಾಲದ ಲೆಕ್ಕದಲ್ಲಿ ಒಂದು ಅಂಶ ಸೇರಿರಲಿಲ್ಲ. ಆ ಕಾಲದ ಯಾವ ದೇಶದ ಇಂಜಿನಿಯರರ ಲೆಕ್ಕದಲ್ಲಿಯೂ ಅದು ಸರಿಯಾಗಿ ಸೇರಿರಲಿಲ್ಲವಾದ್ದರಿಂದ ಅವರೊಬ್ಬರನ್ನೇ ದೂರುವಂತಿಲ್ಲ. ನೀರು ಅಣೆಕಟ್ಟನ್ನು ಮುಂದಿನಿಂದ ನೂಕುವುದಲ್ಲದೆ, ಬುಡದ ಬಿರುಕುಗಳಲ್ಲಿ ಇಳಿದು ಕೆಳಗಿನಿಂದ ಮೇಲಕ್ಕೂ ಎತ್ತುತ್ತದೆ. ಬಾವಿಯೊಳಗೆ ಮುಳುಗಿದ ಕೊಡ ನೀರಿನಲ್ಲಿರುವಷ್ಟು ಹೊತ್ತು ಹಗುರ, ಮೇಲೆ ಬಂದೊಡನೆ ಭಾರ. ಅದೇ ತತ್ತ್ವ ಅಣೆಕಟ್ಟಿಗೂ ಅನ್ವಯ. 1895ರ ಏಪ್ರಿಲ್ 27ರಂದು ಫ್ರಾನ್ಸಿನ ಬೂಜೆ ಎಂಬಲ್ಲಿ ಕಲ್ಲಿನ ಅಣೆಕಟ್ಟು ಒಡೆದು 80ಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ವಿಚಾರಣೆಯಿಂದಲೇ ಈ ಮೇಲೆತ್ತುವ ಒತ್ತಡದ ಮಹತ್ವ ಲೋಕಕ್ಕೆ ಮನವರಿಕೆಯಾದದ್ದು. ಪೆರಿಯಾರ್ ಅಣೆಕಟ್ಟು ಉದ್ಘಾಟನೆಯಾದದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ. 152 ಅಡಿ ನೀರು ನಿಂತಾಗ ಬುಡದ ಮುಂದಿನ ಅಂಚಿನಲ್ಲಿ ಪೂರ್ಣ ಒತ್ತಡ, ಹಿಂದಿನ ಅಂಚಿನಲ್ಲಿ ಸೊನ್ನೆ ಎಂದು ಹಿಡಿದರೆ ಮೇಲಕ್ಕೆತ್ತುವ ಬಲ ಮೀಟರಿಗೆ ಹೆಚ್ಚುಕಡಿಮೆ 975 ಟನ್ ಆಗುತ್ತದೆ. 2,700ರಲ್ಲಿ ಸಾವಿರದ ಹತ್ತಿರ ಕಳೆದುಹೋಯಿತು! ಉಳಿದ ತೂಕವೂ ಬುಡದ ಘರ್ಷಣೆಯೂ ಸೇರಿ ನೀರನ್ನು ತಡೆಯಬೇಕು.

1979ರ ಆಗಸ್ಟ್ 11ರಂದು ಗುಜರಾತಿನ ಮೋರ್ವಿಯಲ್ಲಿ ಮಚ್ಛು ಅಣೆಕಟ್ಟು ಒಡೆದಾಗ ದೇಶವೇ ಬೆಚ್ಚಿತು. ಕೇರಳದಲ್ಲಿ ಪೆರಿಯಾರ್ ಅಣೆಕಟ್ಟಿನ ಬಗ್ಗೆ ಆತಂಕ ಎದ್ದಿತು. ಅದೇ ವರ್ಷ ಕೇಂದ್ರ ಜಲ ಆಯೋಗದ ಸಲಹೆಯಂತೆ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಿ, ತಮಿಳುನಾಡಿನವರು ಅಣೆಕಟ್ಟನ್ನು ಬಲಪಡಿಸುವ ಕೆಲಸ ಹಿಡಿದರು. ಮಾಡಿದ್ದೇನು? ತೂಕ ಸೇರಿಸಿದ್ದು. ನೆತ್ತಿಯ ಮೇಲೆ ಸುಮಾರು 12,000 ಟನ್ನಿನ ಕಾಂಕ್ರೀಟ್ ಮುಡಿ ಇಟ್ಟರು. ನೆತ್ತಿಯಿಂದ ಬುಡದ ಬಂಡೆಯವರೆಗೆ ರಂಧ್ರ ಕೊರೆದು ಉಕ್ಕಿನ ಹಗ್ಗಗಳನ್ನು ಇಳಿಸಿ ಬಿಗಿದರು; ಈ ಬಿಗಿತ ಮೇಲಿನಿಂದ ಹೇರಿದ ಭಾರಕ್ಕೆ ಸಮ. ಹಿಂಬದಿಗೆ ಕಾಂಕ್ರೀಟಿನ ಒತ್ತುಗೋಡೆ ಕೊಟ್ಟರು. ನೀರು ಹರಿಸಿ ಒತ್ತಡ ಕಡಿಮೆ ಮಾಡಲು ಒಳದಾರಿಗಳನ್ನೂ ಮಾಡಿದರು.

ಇಲ್ಲಿ ಒಂದು ಹೋಲಿಕೆ ಮಾಡಿ ನೋಡಬೇಕು. 12,000 ಟನ್ನನ್ನು 366 ಮೀಟರಿಗೆ ಹಂಚಿದರೆ ಮೀಟರಿಗೆ ಸುಮಾರು 33 ಟನ್. ಮೇಲೆ ಹೇಳಿದ ನಡುಭಾಗದ ತುಂಡಿನಲ್ಲಿ ಹಳೆಯ ಗಾರೆಯ ಸಾಂದ್ರತೆ 2.2ರ ಬದಲು 2.1 ಎಂದಾದರೆ ಕಡಿಮೆಯಾಗುವ ತೂಕ ಸುಮಾರು 123 ಟನ್. ದಶಾಂಶದ ಒಂದು ಅಂಕಿಯ ವ್ಯತ್ಯಾಸ ಅಷ್ಟು ದೊಡ್ಡ ಮುಡಿಯ ಮೂರೂವರೆ ಪಟ್ಟಿಗಿಂತ ಹೆಚ್ಚು! ಅಳತೆಪಟ್ಟಿ ಹಿಡಿದು ಗಾತ್ರವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಸಾಂದ್ರತೆ ಮಾತ್ರ ಮೈಯೊಳಗೆ ಅಡಗಿದೆ. ಸೋರುವ ನೀರಿನೊಂದಿಗೆ ಸುಣ್ಣ ಕರಗಿ ಹೋಗುತ್ತಿದೆ, ಮೈ ಪೊಳ್ಳಾಗುತ್ತಿದೆ ಎಂಬುದು ಕೇರಳದ ವಾದ. ಬಲಪಡಿಸಿದ ಮೇಲೆ ಕೊರತೆ ನೀಗಿದೆ ಎಂಬುದು ತಮಿಳುನಾಡಿನ ವಾದ. ವಾದವೆಲ್ಲ ಎಷ್ಟೇ ಬಿಸಿಯಾಗಿದ್ದರೂ ತಿರುಳು ಈ ಒಂದು ಅಂಕಿಯ ಸುತ್ತ ಸುತ್ತುತ್ತದೆ.

ಅಡಗಿದ ಅಂಕಿಯನ್ನು ತಿಳಿಯುವ ಉಪಾಯವೂ ಇದೆ. ಕಟ್ಟಡದ ಮೈಗೆ ಕೊಳವೆಯಾಕಾರದ ಕೊರೆಯುಳಿ ಇಳಿಸಿ, ಬಾಳೆದಿಂಡಿನಂಥ ಉದ್ದ ತುಂಡನ್ನು ಹೊರತೆಗೆಯುತ್ತಾರೆ. ಅದನ್ನು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗುತ್ತಾರೆ. ಎರಡು ತೂಕಗಳ ಅಂತರ ಆ ತುಂಡು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಅದರಿಂದ ಗಾತ್ರ ತಿಳಿಯುತ್ತದೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಅರಸನ ಕಿರೀಟದ ಚಿನ್ನ ಅಪ್ಪಟವೇ ಬೆರಕೆಯೇ ಎಂದು ಗ್ರೀಕ್ ಪಂಡಿತ ಆರ್ಕಿಮಿಡೀಸ್ ಪರೀಕ್ಷಿಸಿದ ಕಥೆಯ ತತ್ತ್ವವೇ ಇದು. ತೊಡಕೆಂದರೆ, ಗಟ್ಟಿಯಾದ ಭಾಗ ಇಡಿಯಾಗಿ ಹೊರಬರುತ್ತದೆ; ಸಡಿಲವಾದ ಭಾಗ ಪುಡಿಯಾಗಿ ಕೊರೆಯುವ ನೀರಿನೊಡನೆ ಕೊಚ್ಚಿಹೋಗುತ್ತದೆ. ಸಿಕ್ಕಿದ್ದನ್ನು ಮಾತ್ರ ತೂಗಿದರೆ ಉತ್ತರ ನಿಜಕ್ಕಿಂತ ಭಾರವಾಗಿ ಬರುವ ಅಪಾಯವುಂಟು.

2006ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 142 ಅಡಿಯವರೆಗೆ ನೀರು ನಿಲ್ಲಿಸಲು ಅನುಮತಿ ನೀಡಿತು. ಕೇರಳ ಅದನ್ನು ತಡೆಯುವ ಕಾನೂನು ಮಾಡಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಎ. ಎಸ್. ಆನಂದ್ ಅವರ ನೇತೃತ್ವದ ಉನ್ನತಾಧಿಕಾರ ಸಮಿತಿ 2012ರಲ್ಲಿ ವರದಿ ಒಪ್ಪಿಸಿತು. 2014ರ ಮೇ 7ರಂದು ಕೋರ್ಟು ಆ ಕಾನೂನನ್ನು ರದ್ದುಪಡಿಸಿ 142 ಅಡಿಯನ್ನೇ ಎತ್ತಿಹಿಡಿದು, ಉಸ್ತುವಾರಿಗೆ ಸಮಿತಿಯೊಂದನ್ನು ನೇಮಿಸಲು ಹೇಳಿತು. ಅದೇ ವರ್ಷ ನವೆಂಬರಿನಲ್ಲಿ 35 ವರ್ಷಗಳ ತರುವಾಯ ನೀರು 142 ಅಡಿ ಮುಟ್ಟಿದಾಗ ಕಂಬಂ ಕಣಿವೆಯ ರೈತರು ಸಂಭ್ರಮಿಸಿದರು. ಇಡುಕ್ಕಿಯ ಕಡೆ ಜನ ಹೊಸ ಅಣೆಕಟ್ಟು ಬೇಕೆಂಬ ಬೇಡಿಕೆಯನ್ನು ಬಿಟ್ಟಿಲ್ಲ.

ಅಣೆಕಟ್ಟಿನ ಒಳದಾರಿಯಲ್ಲಿ ಸೋರುವ ನೀರನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಅಳೆದು ಬರೆದಿಡಲಾಗುತ್ತದೆ. ಆ ನೀರಿನ ಒಂದು ಲೀಟರಿನಲ್ಲಿ ಎಷ್ಟು ಸುಣ್ಣ ಕರಗಿದೆ ಎಂದು ಪರೀಕ್ಷಿಸಿ, ವರ್ಷದಲ್ಲಿ ಸೋರಿದ ಒಟ್ಟು ಲೀಟರುಗಳಿಂದ ಗುಣಿಸಿದರೆ ಆ ವರ್ಷ ಅಣೆಕಟ್ಟು ಕಳೆದುಕೊಂಡ ಸುಣ್ಣದ ತೂಕ ತಿಳಿಯುತ್ತದೆ.